ಎರಡನೇ ಈಡಿಗೆ ಒಲ್ಲದ ತೋಟಾ

19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಗೆ ಮಳೆಗಾಲ ಬಂತೆಂದರೆ ಒಂದು ವಿಚಿತ್ರ ಕಾಟ ಶುರುವಾಗುತ್ತಿತ್ತು. ಕುದುರೆ ಲಾಯಗಳಲ್ಲಿ ಪೇರಿಸಿಟ್ಟ ತೋಟಾಗಳು ಯಾರೂ ಮುಟ್ಟದೆ, ಯಾವ ಕೋವಿಗೂ ಹಾಕದೆ ಇದ್ದಲ್ಲೇ ಬಿರುಕು ಬಿಡುತ್ತಿದ್ದವು. ಒಂದೇ ಒಂದು ಈಡು ಹೊಡೆಯದ ಹೊಚ್ಚ ಹೊಸ ಹಿತ್ತಾಳೆ ಉದ್ದಕ್ಕೆ ಸೀಳಿಕೊಂಡಿರುತ್ತಿತ್ತು. ಹಂಗಾಮಿಗೆ ಬರುವ ರೋಗವಾದ್ದರಿಂದ ಹೆಸರೂ ಹಾಗೆಯೇ ಬಿತ್ತು: ಸೀಸನ್ ಕ್ರ್ಯಾಕಿಂಗ್. ಅದರ ಗುಟ್ಟು ಬಯಲಾಗಲು 1921ರವರೆಗೆ ಕಾಯಬೇಕಾಯಿತು. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು ವಿವರಿಸಿದ ಪ್ರಕಾರ ಇಲ್ಲಿ ಕೂಡಿಕೊಂಡದ್ದು ಮೂರು ಸಂಗತಿಗಳು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಮತ್ತು ತೋಟಾ ತಯಾರಾಗುವಾಗ ಹಿತ್ತಾಳೆಯ ಒಳಗೇ ಉಳಿದುಹೋದ ಬಿಗುವು. ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ತೋಟಾ ಸೀಳುತ್ತಿರಲಿಲ್ಲ.

ಇಂದು ಲೋಹಶಾಸ್ತ್ರದ ಪಠ್ಯಗಳಲ್ಲಿ ಈ ಕತೆ ತಪ್ಪದೆ ಬರುತ್ತದೆ. ಅಲ್ಲಿ ಅದನ್ನು ಓದುವುದು ತುಕ್ಕಿನ ಪಾಠವಾಗಿ. ಬಳಸಿದ ತೋಟಾವನ್ನು ಮತ್ತೆ ತುಂಬುವವರಿಗೆ ಅದರಲ್ಲಿ ಬೇರೊಂದು ಪಾಠವಿದೆ. ಖಾಲಿ ತೋಟಾ ಬರೀ ಡಬ್ಬಿಯಲ್ಲ, ತನಗೆ ಯಾರು ಏನು ಮಾಡಿದರೆಂಬುದನ್ನೆಲ್ಲ ಅದು ಒಳಗೆ ಇಟ್ಟುಕೊಂಡಿರುತ್ತದೆ. ಕಾರ್ಖಾನೆಯಲ್ಲಿ ಎಳೆದದ್ದು, ಒಮ್ಮೆ ಹೊಡೆದದ್ದು, ಯಾವ ಕೇಪು ಹಾಕಿದ್ದರೆಂಬುದು, ಎಲ್ಲಿ ಇಟ್ಟಿದ್ದರೆಂಬುದು, ಯಾವುದನ್ನೂ ಅದು ಮರೆಯುವುದಿಲ್ಲ. ಎರಡನೇ ಈಡಿಗೆ ಒಲ್ಲದ ತೋಟಾಗಳ ಹಿಂದೆ ಹೋದರೆ ಸಿಗುವುದು ಲೋಹದ ದೋಷಕ್ಕಿಂತ ಹೆಚ್ಚಾಗಿ ಮನುಷ್ಯರ ತೀರ್ಮಾನಗಳು: ಯುದ್ಧದ ಅವಸರ, ಖಜಾನೆಯ ಲೆಕ್ಕ, ಸರ್ಕಾರದ ಭಯ.

ತೋಟಾದಲ್ಲಿ ಇರುವುದು ನಾಲ್ಕೇ ವಸ್ತು. ಮುಂದೆ ಗುಂಡು, ಒಳಗೆ ಮದ್ದು, ಬುಡದಲ್ಲಿ ಕೇಪು, ಇವನ್ನೆಲ್ಲ ಹಿಡಿದಿಡುವ ಲೋಹದ ಕೋಶ. ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಕೇಪು ಹೊಸದಲ್ಲ, ಕೋವಿಯ ಕುದುರೆ, ಅಂದರೆ ಸುತ್ತಿಗೆ, ಬಿದ್ದಾಗ ಚಟ್ಟೆಂದು ಕಿಡಿ ಹಾರಿಸುವ ಪುಟ್ಟ ಬಟ್ಟಲು ಅದು. ತೋಟಾದಲ್ಲಿ ಅದೇ ಕೇಪು ಬುಡಕ್ಕೆ ಸೇರಿಕೊಂಡಿದೆ. ಹೊಡೆದ ಮೇಲೆ ಗುಂಡು ಹೋಯಿತು, ಮದ್ದು ಉರಿದುಹೋಯಿತು, ಕೇಪು ಸತ್ತಿತು. ಉಳಿಯುವುದು ಕೋಶ ಒಂದೇ. ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆ ಬಾಳುವುದೂ ಅದೇ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಯೂರೋಪಿನ ಹಲವು ದೇಶಗಳಲ್ಲಿ ಗುರಿಕಾರರು ಅದನ್ನು ಹೆಕ್ಕಿಕೊಂಡು ಮನೆಯಲ್ಲೇ ಮತ್ತೆ ತುಂಬುವುದು ದೊಡ್ಡ ಹವ್ಯಾಸ. ಅಲ್ಲಿ ಅದು ಕಾನೂನುಬದ್ಧ. ನಮ್ಮಲ್ಲಿ ಹಾಗಲ್ಲ, ಆ ಮಾತು ಕೊನೆಗೆ ಬರುತ್ತದೆ.

ಕೋಶಕ್ಕೆ ಹಿತ್ತಾಳೆಯೇ ಏಕೆ? ಕುದುರೆ ಬಿದ್ದ ಕ್ಷಣದಲ್ಲಿ ಒಳಗೆ ಏಳುವ ಒತ್ತಡ ಇಂದಿನ ರೈಫಲ್‌ಗಳಲ್ಲಿ ನಾವು ಉಸಿರಾಡುವ ಗಾಳಿಯ ಒತ್ತಡದ 3,000ದಿಂದ 4,000 ಪಟ್ಟು. ಆಗ ಕೋಶ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳಬೇಕು, ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಹೊಡೆಯುವವನ ಮುಖಕ್ಕೆ ಬರದಂತೆ ತಡೆಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೊಂಚ ಕುಗ್ಗಿ ಗೋಡೆ ಬಿಡಬೇಕು, ಇಲ್ಲದಿದ್ದರೆ ಹೊರಗೆ ಎಳೆಯಲು ಬಾರದು. ಬಾಯಿಯ ಕಡೆ ಮೆತ್ತಗಿರಬೇಕು, ಬುಡ ಗಡುಸಾಗಿರಬೇಕು, ಅದೂ ಒಂದೇ ತುಂಡು ಲೋಹದಲ್ಲಿ. 70 ಪಾಲು ತಾಮ್ರ, 30 ಪಾಲು ಸತು ಬೆರೆಸಿದ ಹಿತ್ತಾಳೆ ಈ ತಕರಾರಿನ ಬೇಡಿಕೆಯನ್ನೆಲ್ಲ ಪೂರೈಸುತ್ತದೆ. ಕಾರ್ಖಾನೆಯಲ್ಲಿ ಬಿಲ್ಲೆಯಾಕಾರದ ತಗಡನ್ನು ಬಟ್ಟಲು ಮಾಡಿ, ಬಟ್ಟಲನ್ನು ಹಂತ ಹಂತವಾಗಿ ಎಳೆದು ಕೊಳವೆ ಮಾಡುತ್ತಾರೆ. ಎಳೆದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಹಾಗಾಗಿ ನಡುನಡುವೆ ಕಾಸಿ ಮೆತ್ತಗಾಗಿಸಬೇಕು. ಹಂಡೆ, ಕೊಡಪಾನ ಬಡಿಯುವ ಕಂಚುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಡಿದು ಬಡಿದು ಬಿರುಸಾದ ತಗಡನ್ನು ಒಲೆಗೆ ಹಿಡಿಯದೆ ಮುಂದಿನ ಪೆಟ್ಟು ಹಾಕಿದರೆ ಅದು ಸೀಳುತ್ತದೆಂದು ಅವರ ಕೈಗೇ ಗೊತ್ತು.

ಲಾಯದ ತೋಟಾಗಳಲ್ಲಿ ತಪ್ಪಿದ್ದು ಈ ಕಾಸುವ ಹದ. ಕೊನೆಯ ಸಲ ಎಳೆದ ಬಳಿಕ ಸಣ್ಣ ಶಾಖ ಕೊಟ್ಟು ಬಿಗುವು ಇಳಿಸಿದ್ದರೆ ಅಮೋನಿಯಾ ಅಷ್ಟು ಸಲೀಸಾಗಿ ಕಚ್ಚುತ್ತಿರಲಿಲ್ಲ. ಈಗಲೂ ಸೇನೆಗಳ ರೈಫಲ್ ತೋಟಾಗಳ ಕುತ್ತಿಗೆ, ಭುಜದ ಮೇಲೆ ನೀಲಿ-ಕಂದು ಛಾಯೆಯ ಕಲೆ ಕಾಣುತ್ತದೆ. ಅದು ಕೊಳೆಯಲ್ಲ, ಕಾಸಿದ ಗುರುತು. ಅಂಗಡಿಯಲ್ಲಿ ಮಾರುವ ತೋಟಾದಲ್ಲಿ ಅದನ್ನು ಉಜ್ಜಿ ಹೊಳಪು ಮಾಡುತ್ತಾರೆ. ಸೇನೆಯವರು ಸಾಕ್ಷಿಗೆಂದು ಹಾಗೇ ಬಿಡುತ್ತಾರೆ.

ಕೋಶದ ಬೆಲೆ ಗೊತ್ತಾಗುವುದು ಅದನ್ನು ಕೈಬಿಡಲು ಹೊರಟಾಗ. ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿ ಜಿ11 ಎಂಬ ರೈಫಲ್‌ಗಾಗಿ ಕೋಶವೇ ಇಲ್ಲದ, ಮದ್ದಿನ ಗಟ್ಟಿಯಲ್ಲೇ ಗುಂಡು ಹುದುಗಿಸಿದ ತೋಟಾ ಮಾಡಲು ವರ್ಷಗಟ್ಟಲೆ ಹೆಣಗಿತು. ಹೊರಗೆ ಎಸೆಯಬೇಕಾದ್ದೇ ಇಲ್ಲ, ತೂಕ ಕಡಿಮೆ, ಎಲ್ಲ ಸರಿ. ಆದರೆ ಹಿತ್ತಾಳೆ ಹೊರಬೀಳುವಾಗ ಒಂದಷ್ಟು ಶಾಖವನ್ನೂ ತನ್ನೊಂದಿಗೆ ಒಯ್ಯುತ್ತಿತ್ತು. ಅದಿಲ್ಲದಾಗ ಕಾದ ನಳಿಗೆಗೆ ಸೇರಿದ ತೋಟಾ ಟ್ರಿಗರ್ ಎಳೆಯುವ ಮೊದಲೇ ತಾನಾಗಿ ಹೊತ್ತಿಕೊಳ್ಳುವ ತೊಂದರೆ ಎದುರಾಯಿತು. ಮದ್ದನ್ನೇ ಬದಲಿಸಿ ಆ ತೊಂದರೆಯನ್ನು ಹತೋಟಿಗೆ ತಂದರು. ಅಷ್ಟರಲ್ಲಿ ಜರ್ಮನಿ ಒಂದಾಯಿತು, ಶೀತಲ ಸಮರ ಮುಗಿಯಿತು, ರೈಫಲ್ ಮೂಲೆ ಸೇರಿತು.

ಮತ್ತೆ ತುಂಬುವವನಿಗೆ ಮೊದಲ ತಡೆ ಬುಡದಲ್ಲೇ ಇದೆ. ಸತ್ತ ಕೇಪನ್ನು ಹೊರಗೆ ತೆಗೆಯಬೇಕಲ್ಲ! 1866ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಇಬ್ಬರು ಸೇನಾಧಿಕಾರಿಗಳು ಇದಕ್ಕೆ ಎರಡು ಬಗೆಯ ವ್ಯವಸ್ಥೆ ಕಂಡುಕೊಂಡರು. ಅಮೆರಿಕದ ಹೈರಮ್ ಬರ್ಡನ್ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆ ಕಟ್ಟಿದವನು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ. ಕೇಪಿನ ಮದ್ದು ಸಿಡಿಯಬೇಕಾದರೆ ಅದು ಯಾವುದಾದರೂ ಗಟ್ಟಿ ಮೊನೆಗೆ ಅಪ್ಪಳಿಸಬೇಕು, ಅಂದರೆ ಒಂದು ಅಡಿಗಲ್ಲು ಬೇಕು. ಬರ್ಡನ್ ಅದನ್ನು ಕೋಶದ ಬುಡದಲ್ಲೇ ಎಬ್ಬಿಸಿ, ಕಿಡಿ ದಾಟಲು ಅದರ ಅಕ್ಕಪಕ್ಕ ಎರಡು ಸಣ್ಣ ತೂತು ಇಟ್ಟ. ಬಾಕ್ಸರ್ ಅಡಿಗಲ್ಲನ್ನು ಕೇಪಿನೊಳಗೇ ಸೇರಿಸಿ, ಕೋಶದ ನಟ್ಟನಡುವೆ ಒಂದೇ ತೂತು ಬಿಟ್ಟ.

ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಆದರೆ ಬಾಕ್ಸರ್ ತೋಟಾದ ಬಾಯಿಂದ ಒಂದು ಕಡ್ಡಿ ಇಳಿಸಿ ನಡುವಿನ ತೂತಿನ ಮೂಲಕ ಒತ್ತಿದರೆ ಹಳೆಯ ಕೇಪು ಉದುರುತ್ತದೆ. ಬರ್ಡನ್ ತೋಟಾದಲ್ಲಿ ಅದೇ ಕಡ್ಡಿ ಅಡಿಗಲ್ಲಿಗೆ ತಾಗಿ ನಿಲ್ಲುತ್ತದೆ, ಒತ್ತಿದರೆ ಮುರಿಯುವುದು ಕಡ್ಡಿಯೇ. ಅಂಥದ್ದನ್ನು ಹೊರಗಿನಿಂದ ಕೊಕ್ಕೆ ಹಾಕಿ ಮೀಟಬೇಕು, ಇಲ್ಲವೇ ಒಳಗೆ ನೀರು ತುಂಬಿ ಅದರ ಒತ್ತಡದಿಂದ ತಳ್ಳಬೇಕು. ಇದು ಗೊಣಗಾಟದ ಕೆಲಸ. ಅದಕ್ಕೆ ಸರಿಹೊಂದುವ ಹೊಸ ಕೇಪೂ ಸುಲಭವಾಗಿ ಸಿಗದು. ಖಾಸಗಿ ಗುರಿಕಾರರು ಹೆಚ್ಚಿದ್ದ ಅಮೆರಿಕ ಇಂಗ್ಲಿಷಿನವನ ಕೇಪನ್ನು ತನ್ನದಾಗಿಸಿಕೊಂಡಿತು. ಯೂರೋಪಿನ ಸೇನೆಗಳು ಅಮೆರಿಕದವನ ಕೇಪನ್ನು ಹಿಡಿದವು, ಬ್ರಿಟಿಷರ .303 ತೋಟಾ ಸಹಿತ. ಹೊಡೆದದ್ದನ್ನು ಮತ್ತೆ ತುಂಬುವ ಗೋಜು ಸೇನೆಗೆ ಬೇಕಿರಲಿಲ್ಲ. ಅಗ್ಗವಾಗಿ, ವೇಗವಾಗಿ ತಯಾರಾದರೆ ಸಾಕಿತ್ತು.

ಬಾಕ್ಸರನ ಕತೆಯಲ್ಲಿ ಇನ್ನೊಂದು ತಮಾಷೆಯಿದೆ. ಮತ್ತೆ ತುಂಬಲು ಅತ್ಯಂತ ಸಲೀಸಾದ ಕೇಪಿಗೆ ಇಂದು ಅವನ ಹೆಸರಿದೆ. ಅವನೇ ರೂಪಿಸಿದ ಕೋಶ ಮಾತ್ರ ಎರಡನೇ ಸಲಕ್ಕೆ ಒದಗದ ಜಾತಿಯದು! ಸ್ನೈಡರ್ ಕೋವಿಗೂ 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲ್‌ಗೂ ಅವನು ಕೊಟ್ಟದ್ದು ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ, ಬುಡಕ್ಕೆ ಕಬ್ಬಿಣದ ಬಿಲ್ಲೆ ಜೋಡಿಸಿದ ತೋಟಾ. ಮರಳು, ಶಾಖ, ಮಸಿ ಸೇರಿದರೆ ಅದು ನಳಿಗೆಯಲ್ಲೇ ಕಚ್ಚಿಕೊಳ್ಳುತ್ತಿತ್ತು, ಎಳೆದರೆ ಬುಡ ಮಾತ್ರ ಕಿತ್ತು ಬರುತ್ತಿತ್ತು. 1885ರಲ್ಲಿ ಸೂಡಾನಿನ ಅಬು ಕ್ಲೀ ಕದನದಲ್ಲಿ ಹೀಗೆ ಕೋವಿಗಳು ಕೈಕೊಟ್ಟದ್ದು ದೊಡ್ಡ ಗುಲ್ಲಾಗಿ, ಬ್ರಿಟಿಷರು ಇಡಿಯಾಗಿ ಎಳೆದ ಗಟ್ಟಿ ಹಿತ್ತಾಳೆಗೆ ಬಂದರು.

ಅಮೆರಿಕದ ಸೇನೆ ಅದಕ್ಕೂ ಮೊದಲು ತಾಮ್ರವನ್ನು ನೆಚ್ಚಿ ಪೆಟ್ಟು ತಿಂದಿತ್ತು. 1873ರ ಸ್ಪ್ರಿಂಗ್‌ಫೀಲ್ಡ್ ಕೋವಿಯ ತೋಟಾ ಮೆತ್ತನೆಯ ತಾಮ್ರದ್ದು. ಕೇಪು ಒಳಗೇ ಅಡಗಿರುತ್ತಿದ್ದುದರಿಂದ ಅದನ್ನು ಮತ್ತೆ ತುಂಬುವ ಮಾತೇ ಇರಲಿಲ್ಲ. ಸೈನಿಕರು ತೊಗಲಿನ ಪಟ್ಟಿಯಲ್ಲಿ ಸಿಕ್ಕಿಸಿಕೊಂಡಾಗ ಚರ್ಮ ಹದಮಾಡಿದ ಒಗರಿಗೆ ತಾಮ್ರ ಹಸಿರು ಕಿಲುಬು ಕಟ್ಟುತ್ತಿತ್ತು, ಕೋವಿ ಕಾದಾಗ ಆ ಕಿಲುಬು ಗೋಂದಾಗುತ್ತಿತ್ತು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್‌ನಲ್ಲಿ ಲಕೋಟಾ, ಶಯೆನ್ ಯೋಧರ ಎದುರು ಅಮೆರಿಕದ ಸೇನಾಧಿಕಾರಿ ಕಸ್ಟರ್ ಮತ್ತು ಅವನೊಂದಿಗಿದ್ದವರೆಲ್ಲ ನೆಲಕಚ್ಚಿದಾಗ, ತೋಟಾ ಸಿಕ್ಕಿಹಾಕಿಕೊಂಡದ್ದೇ ಕಾರಣವೆಂಬ ಮಾತು ಹುಟ್ಟಿತು. 1984ರಲ್ಲಿ ಪುರಾತತ್ವಜ್ಞರು ಆ ಬಯಲನ್ನು ಲೋಹಶೋಧಕ ಹಿಡಿದು ಜಾಲಾಡಿದಾಗ, ಚಾಕುವಿನಿಂದ ಮೀಟಿದ ಗುರುತಿರುವ ಖಾಲಿ ತೋಟಾ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಎದುರಾಳಿಯ ಸಂಖ್ಯೆಯನ್ನೂ ಚಾತುರ್ಯವನ್ನೂ ಒಪ್ಪಿಕೊಳ್ಳುವುದಕ್ಕಿಂತ ತಾಮ್ರವನ್ನು ಬೈಯುವುದು ಸೋತವರಿಗೆ ಸುಲಭವಾಗಿತ್ತು. ಏನೇ ಇರಲಿ, ಆ ಬಳಿಕ ಬಂದ ತೋಟಾಗಳು ಹೊರಗಿನಿಂದ ಕೇಪು ಹಾಕುವಂಥವಾದವು, ಗಡಿ ಠಾಣೆಗಳಲ್ಲಿ ಸಿಪಾಯಿಗಳೇ ಅಭ್ಯಾಸಕ್ಕೆಂದು ಅವನ್ನು ಮತ್ತೆ ತುಂಬಿದರು. ಕಾಡೆಮ್ಮೆ ಬೇಟೆಗಾರರಂತೂ 1870ರ ದಶಕದಲ್ಲೇ ಬಿಡಾರದ ಬೆಂಕಿಯಲ್ಲಿ ಸೀಸ ಕರಗಿಸಿ ಗುಂಡು ಎರೆದು, ದಿನವೂ ಅದೇ ಹಿತ್ತಾಳೆಯನ್ನು ತುಂಬಿಕೊಳ್ಳುತ್ತಿದ್ದರು. ಆ ಬೇಟೆ ಕಾಡೆಮ್ಮೆಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದದ್ದು ಬೇರೆಯೇ ದುಃಖದ ಕತೆ.

ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂತು. ನಮ್ಮಲ್ಲಿ 1943ರಲ್ಲಿ ನಡುವೆ ತೂತಿದ್ದ ಕಾಸು ಹೊರಬಂದದ್ದು ಲೋಹ ಉಳಿಸಲು. ಅದೇ ವರ್ಷ ಅಮೆರಿಕ ಒಂದು ಸೆಂಟಿನ ನಾಣ್ಯವನ್ನು ಉಕ್ಕಿನಲ್ಲಿ ಹೊಡೆಯಿತು. ತೋಟಾಗಳ ಪಾಡೂ ಇದೇ ಆಯಿತು. ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನಲ್ಲಿ ಕಾರು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿ ಪಿಸ್ತೂಲಿನ .45 ತೋಟಾಗಳನ್ನು ಉಕ್ಕಿನಲ್ಲಿ ಎಳೆಯುವ ವಿದ್ಯೆ ಕಲಿತು, ಯುದ್ಧ ಮುಗಿಯುವಷ್ಟರಲ್ಲಿ 300 ಕೋಟಿಗೂ ಹೆಚ್ಚು ತಯಾರಿಸಿತು. ಜರ್ಮನಿ ಉಕ್ಕಿನ ಕೋಶಕ್ಕೆ ಮೆರುಗೆಣ್ಣೆ ಬಳಿಯಿತು. ಸೋವಿಯತ್ ಒಕ್ಕೂಟ ತಾಮ್ರದ ತೆಳು ಲೇಪ ಕೊಟ್ಟಿತು, ಮುಂದೆ ಅದೂ ಮೆರುಗೆಣ್ಣೆಗೆ ಬಂತು.

ಉಕ್ಕು ಹಿತ್ತಾಳೆಯಷ್ಟು ಬಾಗಿ ಬಳುಕುವುದಿಲ್ಲ. ಉಬ್ಬಿದ್ದು ಅಷ್ಟಾಗಿ ಹಿಂದೆ ಸರಿಯುವುದಿಲ್ಲವಾದ್ದರಿಂದ ನಳಿಗೆಯಿಂದ ಎಳೆಯುವುದು ಕಷ್ಟ. ಸೋವಿಯತ್ತರ 7.62 ಮಿ.ಮೀ. ತೋಟಾ ಬುಡದಿಂದ ಬಾಯಿಗೆ ಎದ್ದು ಕಾಣುವಂತೆ ಕಿರಿದಾಗುತ್ತಾ ಹೋಗುವುದು ಸುಲಭವಾಗಿ ಸಡಿಲವಾಗಲೆಂದೇ. ಅಂಥ ಓರೆ ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದರೆ ಸಾಲು ಬಾಗುತ್ತದೆ. ಜಗತ್ತಿನ ಸುದ್ದಿಚಿತ್ರಗಳಲ್ಲೆಲ್ಲ ಕಾಣುವ ಎಕೆ-47ರ ಬಾಗಿದ ಮ್ಯಾಗಜೀನು ಬಂದದ್ದು ಹೀಗೆ. ಉಕ್ಕಿನ ತೋಟಾವನ್ನು ಮತ್ತೆ ತುಂಬಲು ಹೊರಟವರಿಗೆ ಕಷ್ಟ ಎರಡು ಕಡೆಯಿಂದ: ಲೇಪ ಉಜ್ಜಿಹೋಗಿ ತುಕ್ಕು ಹಿಡಿಯುತ್ತದೆ, ಹಳೆಯ ಅಳತೆಗೆ ತರಲು ಅಚ್ಚಿಗೆ ಒತ್ತಿದರೆ ಅದು ಅಚ್ಚನ್ನೇ ಗೀರುತ್ತದೆ. ಬುಡದಲ್ಲಿ ಬಹುಮಟ್ಟಿಗೆ ಬರ್ಡನ್ ಕೇಪು ಬೇರೆ. ಇವಾನ್ಸ್‌ವಿಲ್ ತೋಟಾಗಳಲ್ಲಿ ಮಾತ್ರ ಬಾಕ್ಸರ್ ಕೇಪಿತ್ತು. ಯುದ್ಧ ಮುಗಿದ ಮೇಲೆ ಜಿಪುಣ ಗುರಿಕಾರರು ಅವನ್ನೂ ಬಿಡಲಿಲ್ಲ, ಕೆಲವು ಸಲವಾದರೂ ದುಡಿಸಿಕೊಂಡರು.

ಅಲ್ಯುಮಿನಿಯಂ ಇನ್ನೂ ನಾಜೂಕು. ಹಗುರ, ಅಗ್ಗ. ಅಮೆರಿಕದ ಎ-10 ಯುದ್ಧವಿಮಾನದ 30 ಮಿ.ಮೀ. ತೋಪಿಗೆ ಅದೇ ಲೋಹದ ಕೋಶ. ಆದರೆ ಎಲ್ಲಾದರೂ ಕೂದಲೆಳೆಯ ಸೀಳು ಬಿಟ್ಟರೆ ನುಗ್ಗುವ ಬಿಸಿ ಅನಿಲಕ್ಕೆ ಲೋಹವೇ ಉರಿದು ಕೊರೆದುಹೋಗುತ್ತದೆ. 1980ರ ದಶಕದಲ್ಲಿ ಪಿಸ್ತೂಲಿನ ಅಲ್ಯುಮಿನಿಯಂ ತೋಟಾಗಳನ್ನು ಮಾರುಕಟ್ಟೆಗೆ ತಂದ ಬ್ಲೇಜರ್ ಬ್ರ್ಯಾಂಡು ಅದಕ್ಕೆ ಬೇಕೆಂದೇ ಬರ್ಡನ್ ಕೇಪು ಹಾಕಿತ್ತು. ಯಾರೂ ಮತ್ತೆ ತುಂಬಲು ಹೋಗದಿರಲಿ ಎಂಬುದೇ ಉದ್ದೇಶ. ಬಿಸಾಡುವ ವಸ್ತುವೆಂದು ಹೇಳಿಯೇ ಮಾರುವುದು ನನಗೆ ಪ್ರಾಮಾಣಿಕವಾಗಿಯೇ ಕಾಣುತ್ತದೆ.

ಕಣ್ಣಿಗೆ ಕಾಣುವ ಕಷ್ಟಗಳನ್ನಾದರೂ ನಿಭಾಯಿಸಬಹುದು. ಕಾಣದ್ದೇ ಅಪಾಯ. ಹಳೆಯ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಕರಿಮದ್ದಿನ ಕಾಲದಲ್ಲಿ ಅದರಿಂದ ಅಷ್ಟು ತೊಂದರೆಯಾಗಲಿಲ್ಲ, ಮದ್ದು ಉಗುಳುತ್ತಿದ್ದ ರಾಶಿ ಮಸಿಯಲ್ಲಿ ಪಾದರಸ ಬೆರೆತುಹೋಗುತ್ತಿತ್ತು. 1880ರ ದಶಕದಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಮಸಿ ಇಲ್ಲವಾಯಿತು, ಪಾದರಸ ನೇರ ಹಿತ್ತಾಳೆಗೆ ಹತ್ತಿತು. ಹತ್ತಿದ್ದು ಒಳಗಿಳಿದು ಲೋಹವನ್ನು ಹಪ್ಪಳದಷ್ಟು ಪೆಡಸಾಗಿಸಿತು. ಹೊರಗೆ ಏನೂ ಗುರುತಿಲ್ಲ, ಉಜ್ಜಿದರೆ ಬಂಗಾರದಂತೆ ಹೊಳೆಯುತ್ತದೆ. ಮತ್ತೆ ತುಂಬಿ ಹೊಡೆದಾಗ ಗೊತ್ತಾಗುತ್ತದೆ. ಅಂಥ ಹಿತ್ತಾಳೆಯನ್ನು ಸರಿಮಾಡುವ ಉಪಾಯ ಇಲ್ಲ, ಗುಜರಿಗೆ ಹಾಕುವುದೊಂದೇ ದಾರಿ. ಹಳೆಯ ಕೇಪುಗಳ ಇನ್ನೊಂದು ಘಟಕ ಕ್ಲೋರೇಟ್. ಅದು ಉರಿದ ಮೇಲೆ ಉಪ್ಪಾಗಿ ನಳಿಗೆಯಲ್ಲಿ ಕೂತು, ಗಾಳಿಯ ತೇವ ಹೀರಿ, ಕೋವಿಗೇ ತುಕ್ಕು ಹಿಡಿಸುತ್ತಿತ್ತು. ಕೋವಿ ಹೊಡೆದ ಮೇಲೆ ನಳಿಗೆಗೆ ಬಿಸಿನೀರು ಹೊಯ್ಯುವ ಹಳಬರ ಪದ್ಧತಿಯ ಹಿಂದೆ ಇದ್ದದ್ದು ಇದೇ ಉಪ್ಪು.

ಕೆಲವು ತೋಟಾಗಳು ಒಂದು ವಿಧಾನಕ್ಕೆ ಮಾತ್ರ ಒಗ್ಗುವಂತೆ ಹುಟ್ಟಿದವು. ಬ್ರಿಟಿಷರ .303ರಲ್ಲಿ ಹಾಕುತ್ತಿದ್ದ ಕಾರ್ಡೈಟ್ ಎಂಬ ಮದ್ದು ಪುಡಿಯಲ್ಲ, ಉದ್ದುದ್ದ ಎಳೆಗಳ ಕಟ್ಟು. ಕೋಶದ ಕಿರಿದಾದ ಕುತ್ತಿಗೆಯಿಂದ ಆ ಕಟ್ಟನ್ನು ತೂರಿಸಲು ಸಾಧ್ಯವಿರಲಿಲ್ಲ. ಹಾಗಾಗಿ ಕೊಳವೆ ನೆಟ್ಟಗಿರುವಾಗಲೇ ಕಾರ್ಡೈಟ್ ಇಟ್ಟು, ಆಮೇಲೆ ಕುತ್ತಿಗೆ ಒತ್ತಿ ಕಿರಿದಾಗಿಸುತ್ತಿದ್ದರು. ಒಳಗೆ ಸಿಡಿಮದ್ದು ಇರುವಾಗಲೇ ಲೋಹ ಒತ್ತುವ ಈ ಕೆಲಸ ಕಾರ್ಖಾನೆಯ ಎದೆಗಾರಿಕೆಗೇ ಸರಿ! ಭಾರತದ ಸೇನೆಗೆ ಬೇಕಾದ ಕಾರ್ಡೈಟ್ ತಯಾರಿಸಲು 20ನೇ ಶತಮಾನದ ಆರಂಭದಲ್ಲಿ ನಮ್ಮ ಗಡಿಯಾಚೆಯೇ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಖಾನೆ ಎದ್ದಿತು, ಊಟಿಯ ಪುಟಾಣಿ ರೈಲು ಇಂದಿಗೂ ಅದರ ಪಕ್ಕದಲ್ಲೇ ಹಾಯುತ್ತದೆ. ತೋಟಾ ಮಾಡುತ್ತಿದ್ದದ್ದು ಪುಣೆ ಬಳಿಯ ಖಡಕಿಯಲ್ಲಿ, 1869ರಿಂದ.

ರಷ್ಯಾದ ಸೇನೆಗೆಂದು 1895ರಲ್ಲಿ ಬಂದ ನಾಗಾನ್ ರಿವಾಲ್ವರಿನ ತೋಟಾ ಮತ್ತೂ ವಿಚಿತ್ರ. ಗುಂಡು ಹೊರಗೆ ಕಾಣುವುದೇ ಇಲ್ಲ, ಕೋಶದೊಳಗೆ ಪೂರಾ ಮುಳುಗಿರುತ್ತದೆ. ಕುದುರೆ ಎಳೆದಾಗ ಉರುಳೆ ಮುಂದಕ್ಕೆ ಸರಿದು ಕೋಶದ ಬಾಯಿ ನಳಿಗೆಯ ಹಿಂಬದಿಗೆ ಸೇರಿಕೊಳ್ಳುತ್ತದೆ, ಅನಿಲ ಸೋರದು. ಇಂಥ ಕೋಶ ಸಿಗದ ಕಡೆ ಹವ್ಯಾಸಿಗಳು ಅಮೆರಿಕದ .32-20 ಎಂಬ ಹಳೆಯ ತೋಟಾವನ್ನು ತಿದ್ದಿ ಬಳಸಿದರು. ಆದರೆ ಅದರ ಉದ್ದ ಸಾಲದು. ರಿವಾಲ್ವರು ಹಾರುತ್ತದೆ, ಅದಕ್ಕೆ ಹೆಸರು ತಂದ ಬಿಗಿ ಮಾತ್ರ ಕೂಡುವುದಿಲ್ಲ.

ಒಂದು ತೋಟಾವನ್ನು ಇನ್ನೊಂದಾಗಿ ತಿದ್ದುವ ಈ ಕಸುಬಿಗೆ ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಅವರ ರೈಫಲ್. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಓದಿದವರಿಗೆಲ್ಲ ಅವರು ಪರಿಚಿತರು. ಆಂಡರ್ಸನ್ ನೆಚ್ಚಿಕೊಂಡಿದ್ದದ್ದು .405 ವಿಂಚೆಸ್ಟರ್ ರೈಫಲ್. 1904ರಲ್ಲಿ ಹುಟ್ಟಿದ ಆ ತೋಟಾಕ್ಕೆ ತಕ್ಕ ರೈಫಲ್ಲುಗಳ ತಯಾರಿಕೆ 1930ರ ದಶಕದಲ್ಲೇ ನಿಂತಿತು. 1950ರ ದಶಕದಲ್ಲಿ ತೋಟಾವೂ ನಿಂತಿತು. ಇಂಥ ರೈಫಲ್ ಉಳಿಸಿಕೊಂಡಿದ್ದ ಅಮೆರಿಕದವರು ಅದೇ ಮನೆತನದ .30-40 ಕ್ರಾಗ್ ಕೋಶವನ್ನು ಹಿಗ್ಗಿಸಿ ಕೆಲಸ ನಡೆಸಿದರು. ಬುಡ ಹೊಂದುತ್ತಿತ್ತು, ಉದ್ದ ಕಾಲಿಂಚಿಗೂ ಮೀರಿ ಕಡಿಮೆ ಬೀಳುತ್ತಿತ್ತು. ಸುಮಾರು ಅರ್ಧ ಶತಮಾನ ಕಳೆದ ಮೇಲೆ ಹೊಸ ತೋಟಾ ಮತ್ತೆ ಮಾರುಕಟ್ಟೆಗೆ ಬಂತು. ಹಾಗೆಯೇ 2000ದ ದಶಕದ ಆರಂಭದಲ್ಲಿ ಕಾಠ್ಮಂಡುವಿನ ಹಳೆಯ ಶಸ್ತ್ರಾಗಾರದಿಂದ ಸಾವಿರಾರು ಸ್ನೈಡರ್, ಮಾರ್ಟಿನಿ ಕೋವಿಗಳು ಅಮೆರಿಕದ ಸಂಗ್ರಹಕಾರರ ಕೈಸೇರಿದಾಗ, ಅವಕ್ಕೆ ತೋಟಾ ಎಲ್ಲಿಂದ ತರುವುದು? ಬ್ರೆಜಿಲ್‌ನಲ್ಲಿ ತಯಾರಾಗುವ 24 ಬೋರಿನ ಹಿತ್ತಾಳೆಯ ಚರೆ ತೋಟಾ ಕೈಹಿಡಿಯಿತು. ಹಕ್ಕಿ ಹೊಡೆಯಲು ಹುಟ್ಟಿದ ಕೋಶ ಕುತ್ತಿಗೆ ಒತ್ತಿಸಿಕೊಂಡು ವಿಕ್ಟೋರಿಯಾ ರಾಣಿಯ ಕಾಲದ ರೈಫಲ್ಲಿಗೆ ಹೊಂದಿಕೊಂಡಿತು.

ಹೀಗೆ ತಿದ್ದುವುದು ಹವ್ಯಾಸವಾಗಿ ಕಂಡರೂ ಸಾಮ್ರಾಜ್ಯಕ್ಕೆ ಅದು ನಿದ್ದೆಗೆಡಿಸುವ ಸಂಗತಿಯಾಗಿತ್ತು. ವಾಯವ್ಯ ಗಡಿಯ ಬುಡಕಟ್ಟಿನವರು ಕದ್ದ, ಕೊಂಡ, ತಾವೇ ನಕಲು ಮಾಡಿದ ಮಾರ್ಟಿನಿ ರೈಫಲ್ಲುಗಳಿಗೆ ಖಾಲಿ ತೋಟಾ ಹೆಕ್ಕಿ ತುಂಬಿಕೊಳ್ಳುತ್ತಿದ್ದರು. ಮಾರ್ಟಿನಿಯ ಗುಂಡು .450 ಅಳತೆಯದು. ಆ ಅಳತೆಯ ಸಾಮಗ್ರಿ ಬೇಟೆಯ ಹೆಸರಲ್ಲೂ ದೇಶದೊಳಗೆ ಬರಬಾರದೆಂದು ಬ್ರಿಟಿಷರು 20ನೇ ಶತಮಾನದ ಮೊದಲ ದಶಕದಲ್ಲಿ ಭಾರತಕ್ಕೂ ಸೂಡಾನಿಗೂ .450 ಕೋವಿ, ತೋಟಾ ತರುವುದನ್ನೇ ನಿಷೇಧಿಸಿದರು. ಆನೆ, ಹುಲಿ ಬೇಟೆಯ ಭಾರೀ ಕೋವಿ ಮಾರುತ್ತಿದ್ದ ಲಂಡನ್ನಿನ ವ್ಯಾಪಾರಿಗಳಿಗೆ ದಿಕ್ಕೆಟ್ಟಿತು. ಅವರು ಸುಮ್ಮನಿರುವ ಪೈಕಿಯವರಲ್ಲ. ನೋಡನೋಡುತ್ತ .465, .470, .475, .476 ಎಂದು ಅಳತೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿದ ಹೊಸ ತೋಟಾಗಳು ಸಾಲುಗಟ್ಟಿ ಬಂದವು. ಕೆಲಸದಲ್ಲಿ ಹಳೆಯ .450ಕ್ಕೂ ಇವಕ್ಕೂ ಹೇಳಿಕೊಳ್ಳುವ ಭೇದವಿಲ್ಲ. ಇವುಗಳಲ್ಲಿ .470 ಇಂದಿಗೂ ಆಫ್ರಿಕಾದಲ್ಲಿ ಚಲಾವಣೆಯಲ್ಲಿದೆ, ವಾಯವ್ಯ ಗಡಿಯ ಭಯಕ್ಕೆ ಹುಟ್ಟಿದ್ದೆಂದು ಅದನ್ನು ಹೊಡೆಯುವ ಬಹಳ ಮಂದಿಗೆ ಗೊತ್ತಿರಲಾರದು. ಸ್ವತಂತ್ರ ಭಾರತದಲ್ಲೂ ಇದೇ ತರ್ಕ ಮುಂದುವರಿಯಿತು. ಸೇನೆಯ .303 ನಾಗರಿಕರಿಗೆ ಇಲ್ಲ. ಅವರಿಗೆಂದು ಇಶಾಪುರದ ಕಾರ್ಖಾನೆ ಮಾಡಿದ್ದು .315 ರೈಫಲ್, ಅದರ ತೋಟಾದ ಮೂಲ ಆಸ್ಟ್ರಿಯಾದ ಹಳೆಯ ಮಾನ್ಲಿಕರ್.

ಆಯುಧದ ಜೊತೆ ಮದ್ದುಗುಂಡಿನ ಮೇಲೂ ಕಣ್ಣಿಡುವ ಕಾನೂನಿಗೆ ನಮ್ಮಲ್ಲಿ ಉದ್ದನೆಯ ಇತಿಹಾಸವಿದೆ. 1857ರಲ್ಲಿ ಮೀರತ್, ಬ್ಯಾರಕ್‌ಪುರಗಳಲ್ಲಿ ಕೊಬ್ಬು ಸವರಿದ ಕಾಗದದ ತೋಟಾ ಸಿಪಾಯಿ ದಂಗೆಯ ಕಿಡಿ ಹೊತ್ತಿಸಿತು. ಅದೇ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದು ಪ್ರಾಣ ತೆತ್ತರು. 1861ರಲ್ಲಿ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈಗಲೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುವ ಸಂಭ್ರಮ ಹಾಗೇ ನಡೆದುಬಂದಿದೆ. ಆದರೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ತೋಟಾ ತಯಾರಿಸುವ ಪರವಾನಗಿಯೆಂದು ಯಾರೂ ತಿಳಿಯಬಾರದು. 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲಿ ತೋಟಾ ಮಾತ್ರವಲ್ಲ, ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡು ಎಂದೇ ಲೆಕ್ಕ. ಪರವಾನಗಿಯಿಲ್ಲದ ತಯಾರಿಕೆ ಗಂಭೀರ ಅಪರಾಧ. ಅಮೆರಿಕದವನು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ತುಂಬುವ ವಿಡಿಯೊ ನೋಡಿ ಇಲ್ಲಿ ಕೈಯಾಡಿಸಲು ಹೋಗುವುದು ಬೆರಳಿಗೂ ಕೇಡು, ಬಾಳಿಗೂ ಕೇಡು.

ಮಲೆನಾಡು, ಕೊಡಗಿನ ಹಳೆಯ ಮನೆಗಳ ಅಟ್ಟದಲ್ಲಿ, ತಾತನ ಟ್ರಂಕಿನಲ್ಲಿ ತೋಟಾ ಸಿಗುವುದು ಅಪರೂಪವಲ್ಲ. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ ಮೊಕದ್ದಮೆ ಎದುರಿಸಿದವರು ಎಷ್ಟೋ ಮಂದಿ. ಗೊತ್ತಿದ್ದೇ ಇಟ್ಟುಕೊಂಡಿದ್ದರೋ ಇಲ್ಲವೋ ಎಂದು ನ್ಯಾಯಾಲಯಗಳು ನೋಡುತ್ತವೆ, ನಿಜ. ಆದರೆ ಅಷ್ಟು ಹೊತ್ತಿಗೆ ವಿಮಾನವೂ ಹೋಗಿರುತ್ತದೆ, ನೆಮ್ಮದಿಯೂ ಹೋಗಿರುತ್ತದೆ. ಹಸಿರು ಕಿಲುಬು ಹತ್ತಿದ, ಕುತ್ತಿಗೆ ಸೀಳಿದ ಹಳೆಯ ತೋಟಾ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಬಿಚ್ಚಿ ನೋಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಜೇಬಿಗೆ ಹಾಕಿಕೊಂಡು ಠಾಣೆಗೆ ಹೊರಡುವುದೂ ಬೇಡ. ಇದ್ದಲ್ಲೇ ಬಿಟ್ಟು ಪೊಲೀಸರಿಗೆ ಫೋನು ಮಾಡಿ.